ಪೊರೆ ಕಳಚುವ ಹೊತ್ತು

ಮಳೆಗಾಲ ಕಳೆದು ಬೇಲಿಯ ಗಿಡಗಳೆಲ್ಲ ದಟ್ಟವಾಗಿ ಬೆಳೆದು ನಿಂತಿರುವ ದಿನಗಳಲ್ಲಿ, ಎಲೆಗಳ ನಡುವೆ ತಾನೂ ಒಂದು ಎಲೆಯೆಂಬಂತೆ ಕುಳಿತಿರುವ ಹಸಿರು ಕೀಟವೊಂದನ್ನು ಹಳ್ಳಿಯ ಮಕ್ಕಳು ನೋಡಿಯೇ ಇರುತ್ತಾರೆ. ನೀಳವಾದ ಕುತ್ತಿಗೆ, ಮುಮ್ಮೂಲೆಯ ಪುಟ್ಟ ತಲೆ, ಅದರ ಎರಡು ಮೂಲೆಗಳಲ್ಲಿ ಉಬ್ಬಿ ನಿಂತ ಕಣ್ಣುಗಳು, ಎದೆಯ ಮುಂದೆ ಕೈಮುಗಿದಂತೆ ಮಡಿಸಿ ಹಿಡಿದ ಮುಂಗಾಲುಗಳು. ಕನ್ನಡದಲ್ಲಿ ಇದಕ್ಕೆ ಸೂರ್ಯನ ಕುದುರೆ ಎಂದು ಹೆಸರು. ಇದರ ಇಂಗ್ಲಿಷ್ ಹೆಸರಿನಲ್ಲಿರುವ ಮ್ಯಾಂಟಿಸ್ ಎಂಬ ಮಾತು ಗ್ರೀಕ್ ಭಾಷೆಯದು. ಕಾಲಜ್ಞಾನಿ ಎಂದು ಅದರ ಅರ್ಥ. ಸ್ವೀಡನ್ ದೇಶದ ವಿಜ್ಞಾನಿ ಲಿನೇಯಸ್ 1758ರಲ್ಲಿ ಯುರೋಪಿನ ಜಾತಿಯೊಂದಕ್ಕೆ ಹೆಸರಿಡುವಾಗ ‘ಧಾರ್ಮಿಕ’ ಎಂಬ ವಿಶೇಷಣವನ್ನೂ ಸೇರಿಸಿದನು. ಇಂತಹ ಹೆಸರುಗಳನ್ನು ಕೊಟ್ಟವರು ಆ ಮುಂಗಾಲುಗಳ ಒಳ ಅಂಚಿನ ಕಡೆಗೆ ಗಮನ ಹರಿಸಿದಂತೆ ತೋರುವುದಿಲ್ಲ. ಅಲ್ಲಿ ಗರಗಸದ ಹಲ್ಲುಗಳಂತೆ ಮುಳ್ಳುಗಳ ಸಾಲಿದೆ. ಹತ್ತಿರ ಸುಳಿದ ನೊಣವನ್ನೋ ಮಿಡತೆಯನ್ನೋ ಅದು ಕಣ್ಣು ಮಿಟುಕಿಸುವುದರೊಳಗಾಗಿ ಆ ಮುಳ್ಳುಗಳ ನಡುವೆ ಅದುಮಿ ಹಿಡಿದು, ಜೀವವಿರುವಾಗಲೇ ತಿನ್ನತೊಡಗುತ್ತದೆ.

ಇಷ್ಟು ಬಲಶಾಲಿಯಾದ ಬೇಟೆಗಾರನಿಗೂ ಬಾಳಿನಲ್ಲಿ ಏಳೆಂಟು ಬಾರಿ ಸಂಪೂರ್ಣ ಅಸಹಾಯವಾದ ಒಂದು ಗಳಿಗೆ ಒದಗುತ್ತದೆ. ಅದೇ ಪೊರೆ ಕಳಚುವ ಗಳಿಗೆ. ಸೂರ್ಯನ ಕುದುರೆಯನ್ನು ಮನೆಯಲ್ಲಿ ಸಾಕುವವರು ಅತ್ಯಂತ ಹೆಚ್ಚು ಅಂಜುವುದೂ ಈ ಗಳಿಗೆಗೇ.

ಕೀಟವನ್ನು ಸಾಕುವುದೆಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಯುರೋಪ್, ಅಮೆರಿಕ ಮತ್ತು ಜಪಾನ್‌ಗಳಲ್ಲಿ ಇದೊಂದು ರೂಢಿಯ ಹವ್ಯಾಸ. ಅಲ್ಲಿಯವರು ಸಾಕುವ ಜಾತಿಗಳಲ್ಲಿ ನಮ್ಮ ದಕ್ಷಿಣ ಭಾರತದವೂ ಇವೆ. ಎಲೆಹಸಿರು ಬಣ್ಣದ, ಹೆಣ್ಣು ಸುಮಾರು ಎಂಟು ಸೆಂಟಿಮೀಟರ್ ಉದ್ದ ಬೆಳೆಯುವ ಹೈರೊಡ್ಯೂಲ ಎಂಬುದು ಅವುಗಳಲ್ಲಿ ಒಂದು. ಒಣಗಿದ ಎಲೆಯ ಬಣ್ಣದ, ಪಿಟೀಲಿನ ಆಕಾರವನ್ನು ನೆನಪಿಸುವ ಗಾಂಗೈಲಸ್ ಎಂಬುದು ಇನ್ನೊಂದು. ಬಹು ಹಿಂದೆಯೇ ಈ ಕೀಟವನ್ನು ಮನೆಗೆ ತಂದು ಸಾಕಿ, ಅದರ ನಡವಳಿಕೆಯನ್ನು ತಾಳ್ಮೆಯಿಂದ ನೋಡಿ ಬರೆದವರಲ್ಲಿ ಫ್ರಾನ್ಸಿನ ಜೀನ್ ಆನ್ರಿ ಫಾಬ್ರ್ ಪ್ರಮುಖನು. ಅವನ ಕೀಟ ಸಂಬಂಧವಾದ ಗ್ರಂಥಮಾಲೆಯ ಐದನೆಯ ಸಂಪುಟ 1897ರಲ್ಲಿ ಪ್ರಕಟವಾಯಿತು. ಸೂರ್ಯನ ಕುದುರೆಯ ವೃತ್ತಾಂತವಿರುವುದು ಅದರಲ್ಲಿ. ದುಬಾರಿಯಾದ ಸಲಕರಣೆ ಅವನ ಬಳಿ ಇರಲಿಲ್ಲ. ಅಡುಗೆಮನೆಯಲ್ಲಿ ತಿನಿಸಿಗೆ ನೊಣ ಕೂರದಂತೆ ಮುಚ್ಚುವ ತಂತಿಬಲೆಯ ಮುಚ್ಚಳಗಳನ್ನೇ ಮರಳು ತುಂಬಿದ ಕುಂಡಗಳ ಮೇಲೆ ಕವುಚಿ ಕೀಟಗಳಿಗೆ ಮನೆ ಮಾಡಿಕೊಟ್ಟನು. ಪೊರೆ ಬಿಡುವ ಕೀಟಕ್ಕೆ ಇದಕ್ಕಿಂತ ಒಳ್ಳೆಯ ಮನೆ ದೊರೆಯುವುದು ಕಷ್ಟ. ಏಕೆಂದರೆ ತಂತಿಬಲೆಯಲ್ಲಿ ಕಾಲಿನ ಉಗುರು ಸಿಕ್ಕಿಸಲು ಸ್ಥಳವಿದೆ. ಇದರ ಮಹತ್ವವೇನೆಂಬುದು ಮುಂದೆ ತಿಳಿಯುತ್ತದೆ.

ಮನುಷ್ಯನ ಮೂಳೆಗಳು ಮೈಯೊಳಗಿವೆ. ಮೈಯೊಂದಿಗೆ ಅವೂ ಬೆಳೆಯುತ್ತವೆ. ಕೀಟಕ್ಕೆ ಮೂಳೆಗಳಿಲ್ಲ. ಕೈಟಿನ್ ಎಂಬ ವಸ್ತುವನ್ನೊಳಗೊಂಡ ಗಟ್ಟಿಯಾದ ಹೊರಕವಚವೇ ಅದಕ್ಕೆ ಚರ್ಮವೂ ಹೌದು, ಅಸ್ಥಿಪಂಜರವೂ ಹೌದು. ಒಮ್ಮೆ ಗಡುಸಾದ ಈ ಕವಚ ಮತ್ತೆ ಹಿಗ್ಗುವುದಿಲ್ಲ. ಒಳಗಿನ ಜೀವ ಬೆಳೆಯಬೇಕಾದರೆ ಕವಚವನ್ನು ಬಿಸುಟು ಹೊರಬರುವುದೊಂದೇ ದಾರಿ. ಏಡಿ, ಚೇಳು, ಜೇಡಗಳಿಗೂ ಇದೇ ನಿಯಮ.

ರೇಷ್ಮೆ ಸಾಕುವ ಮನೆಗಳ ಮಕ್ಕಳಿಗೆ ಇದು ಹೊಸ ವಿಷಯವಲ್ಲ. ರೇಷ್ಮೆಹುಳು ಗೂಡು ಕಟ್ಟುವುದಕ್ಕೆ ಮೊದಲು ನಾಲ್ಕು ಬಾರಿ ಪೊರೆ ಬಿಡುತ್ತದೆ. ಪ್ರತಿ ಸಲವೂ ಸುಮಾರು ಒಂದು ದಿನ ಹಿಪ್ಪುನೇರಳೆ ಸೊಪ್ಪನ್ನು ಮುಟ್ಟದೆ, ತಲೆಯನ್ನೆತ್ತಿ ಅಲುಗಾಡದೆ ನಿಂತಿರುತ್ತದೆ. ರೈತರು ಇದನ್ನು ‘ಜ್ವರ’ ಎನ್ನುತ್ತಾರೆ. ಹುಳು ಜ್ವರಕ್ಕೆ ಕುಳಿತಾಗ ಅವರು ಸೊಪ್ಪು ಹಾಕುವುದಿಲ್ಲ, ಹುಳುವನ್ನು ಮುಟ್ಟಿ ಎಬ್ಬಿಸುವುದಿಲ್ಲ; ಹಾಸು ಒಣಗಿರಲೆಂದು ಸುಣ್ಣದ ಪುಡಿಯನ್ನು ಉದುರಿಸಿ ಸುಮ್ಮನಾಗುತ್ತಾರೆ. ಎಲ್ಲ ಹುಳುಗಳೂ ಜ್ವರ ಎದ್ದ ಮೇಲೆಯೇ ಮತ್ತೆ ಸೊಪ್ಪು. ಹೆಸರು ಜ್ವರವೆಂದಾದರೂ ಅದು ರೋಗವಲ್ಲವೆಂಬುದನ್ನು ರೈತರು ಚೆನ್ನಾಗಿ ಬಲ್ಲರು.

ಹೊರಗೆ ನಿಶ್ಚಲವಾಗಿ ಕಾಣುವ ಈ ಅವಧಿಯಲ್ಲಿ ಒಳಗೆ ಬಿರುಸಾದ ಕೆಲಸ ನಡೆದಿರುತ್ತದೆ. ಹಳೆಯ ಕವಚದಿಂದ ಒಳಚರ್ಮದ ಕೋಶಗಳು ಬಿಡಿಸಿಕೊಳ್ಳುತ್ತವೆ. ಆ ಎರಡರ ನಡುವೆ ಒಂದು ದ್ರವ ಒಸರುತ್ತದೆ. ಅದು ಹಳೆಯ ಕವಚದ ಒಳಪದರವನ್ನು ಕರಗಿಸಿ, ಉಪಯುಕ್ತ ಅಂಶಗಳನ್ನು ಮೈಗೆ ಹಿಂತಿರುಗಿಸುತ್ತದೆ. ಅದರ ಕೆಳಗೆ ಹೊಸ ಕವಚ ಮೃದುವಾಗಿ, ನಿರಿಗೆ ನಿರಿಗೆಯಾಗಿ ಸಿದ್ಧವಾಗುತ್ತದೆ. ಈ ಕೆಲಸಕ್ಕೆ ಅಪ್ಪಣೆ ಕೊಡುವುದು ಎಕ್ಡೈಸೋನ್ ಎಂಬ ಚೋದಕರಸ. ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬ ವಿಜ್ಞಾನಿಗಳು 1954ರಲ್ಲಿ ಇದನ್ನು ಮೊದಲ ಬಾರಿಗೆ ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದಕ್ಕಾಗಿ ಅವರು ಬಳಸಿದ್ದು 500 ಕಿಲೋಗ್ರಾಂ ರೇಷ್ಮೆಕೋಶದ ಹುಳುಗಳನ್ನು. ದೊರೆತದ್ದು ಕೇವಲ 25 ಮಿಲಿಗ್ರಾಂ. ಇಷ್ಟು ಅಲ್ಪ ಪ್ರಮಾಣದ ವಸ್ತು ಕೀಟದ ಇಡೀ ದೇಹವನ್ನು ಒಂದೇ ಕೆಲಸಕ್ಕೆ ಅಣಿಗೊಳಿಸುತ್ತದೆ.

ಪೊರೆ ಬಿಟ್ಟಾಗ ಕೀಟ ಎಷ್ಟು ಬೆಳೆಯುತ್ತದೆ? ಈ ಪ್ರಶ್ನೆಗೆ ಲೆಕ್ಕದ ಉತ್ತರ ಕೊಟ್ಟವನು ವಿಯೆನ್ನಾ ನಗರದ ಹಾನ್ಸ್ ಪ್ರಿಬ್ರಾಮ್. 1903ರಲ್ಲಿ ಇಬ್ಬರು ಗೆಳೆಯರೊಡನೆ ಅವನು ಅಲ್ಲಿ ಜೀವಶಾಸ್ತ್ರದ ಪ್ರಯೋಗಶಾಲೆಯೊಂದನ್ನು ಸ್ಥಾಪಿಸಿದನು. ಸೂರ್ಯನ ಕುದುರೆಯ ಮರಿಗಳನ್ನು ಸಾಕಿ, ಅವು ಬಿಟ್ಟ ಪೊರೆಗಳನ್ನು ಒಂದೊಂದಾಗಿ ಅಳೆದು, ಮರಿಗಳನ್ನು ತೂಗಿ, 1912ರಲ್ಲಿ ಅವನೂ ಅವನ ಸಹೋದ್ಯೋಗಿ ಮೆಗುಷಾರನೂ ಒಂದು ನಿಯಮವನ್ನು ಕಂಡುಕೊಂಡರು: ಒಂದು ಪೊರೆಯಿಂದ ಇನ್ನೊಂದು ಪೊರೆಯ ವೇಳೆಗೆ ಮರಿಯ ತೂಕ ಸರಿಸುಮಾರು ಎರಡರಷ್ಟಾಗುತ್ತದೆ, ಉದ್ದ ಸರಿಸುಮಾರು 1.26ರಷ್ಟಾಗುತ್ತದೆ. 1.26 ಎಂಬುದು ಎರಡರ ಘನಮೂಲ. ಒಂದು ಸೆಂಟಿಮೀಟರ್ ಉದ್ದದ ಮರಿ ಎಂಟು ಪೊರೆಗಳನ್ನು ಕಳೆಯುವ ಹೊತ್ತಿಗೆ ಆರು ಸೆಂಟಿಮೀಟರಿಗೂ ಮಿಕ್ಕು ಬೆಳೆದಿರುತ್ತದೆಂದು ಯಾರಾದರೂ ಗುಣಿಸಿ ನೋಡಬಹುದು. ನಿಸರ್ಗದಲ್ಲಿ ಎಲ್ಲ ಕೀಟಗಳೂ ಈ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲವಾದರೂ, ಬೆಳವಣಿಗೆಯ ಕ್ರಮವನ್ನು ಅಂಕಿಗಳಲ್ಲಿ ಹಿಡಿಯಲು ಸಾಧ್ಯವೆಂಬುದನ್ನು ಇದು ತೋರಿಸಿತು. ಯಹೂದಿಯಾಗಿದ್ದ ಕಾರಣ ನಾಜಿಗಳ ಆಳ್ವಿಕೆಯಲ್ಲಿ, 1938ರಲ್ಲಿ, ಪ್ರಿಬ್ರಾಮನು ತನ್ನ ಪ್ರಯೋಗಶಾಲೆಯಿಂದಲೇ ಹೊರದಬ್ಬಲ್ಪಟ್ಟನು. 1944ರಲ್ಲಿ ಟೆರೆಜೀನ್‌ಶ್ಟಾಟ್ ಸೆರೆಶಿಬಿರದಲ್ಲಿ ಅವನು ತೀರಿಕೊಂಡನು.

ಸೂರ್ಯನ ಕುದುರೆಯ ಮೊದಲ ಪೊರೆ ಅದು ಮೊಟ್ಟೆಯಿಂದ ಹೊರಬಂದ ಕ್ಷಣದಲ್ಲೇ ಕಳಚುತ್ತದೆ. ತಾಯಿ ಕೊಂಬೆಗೆ ಅಂಟಿಸಿದ ನೊರೆಯಂತಹ ಮೊಟ್ಟೆಗೂಡು ಒಣಗಿ ಗಟ್ಟಿಯಾಗಿರುತ್ತದೆ. ಅದರಿಂದ ಮರಿಗಳು ಕೈಕಾಲು ಬಿಚ್ಚದ ಸಣ್ಣ ಹುಳುಗಳಂತೆ ಜಾರಿ ಬಂದು, ನೂಲಿನಂತಹ ಎಳೆಗಳಲ್ಲಿ ತಲೆಕೆಳಗಾಗಿ ತೂಗಾಡುತ್ತವೆ. ಅಲ್ಲಿಯೇ ಮೊದಲ ಹೊದಿಕೆ ಹರಿದು ಕಾಲುಗಳು ಬಿಡುಗಡೆಗೊಳ್ಳುತ್ತವೆ. ಅಂದಿನಿಂದ ರೆಕ್ಕೆ ಮೂಡುವ ಕೊನೆಯ ಪೊರೆಯವರೆಗೂ ತಲೆಕೆಳಗಾಗಿ ತೂಗುವುದೇ ಅದರ ಪದ್ಧತಿ. ಗಂಡಿಗೆ ಪೊರೆಗಳು ಸಾಮಾನ್ಯವಾಗಿ ಕಡಿಮೆ. ಹೆಣ್ಣು ಒಂದೆರಡು ಬಾರಿ ಹೆಚ್ಚಾಗಿ ಕಳಚಿ ಹೆಚ್ಚು ದೊಡ್ಡದಾಗುತ್ತದೆ.

ದಿನ ಸಮೀಪಿಸುತ್ತಿರುವುದನ್ನು ಮರಿಯೇ ಸೂಚಿಸುತ್ತದೆ. ನಿನ್ನೆಯವರೆಗೆ ನೊಣ ಕಂಡರೆ ನೆಗೆಯುತ್ತಿದ್ದ ಮರಿ ಇಂದು ನೊಣ ಹತ್ತಿರ ಬಂದರೆ ತಾನೇ ಹಿಂದೆ ಸರಿಯುತ್ತದೆ. ಆಹಾರ ಮುಟ್ಟದಿದ್ದರೂ ಹೊಟ್ಟೆ ತುಂಬಿದಂತೆಯೇ ಇರುತ್ತದೆ. ಮೈಬಣ್ಣ ಮಂಕಾಗುತ್ತದೆ. ಎಳೆಯ ಮರಿಯಾದರೆ ಒಂದೆರಡು ದಿನ, ಬೆಳೆದದ್ದಾದರೆ ವಾರದವರೆಗೂ ಈ ಉಪವಾಸ ನಡೆಯಬಹುದು. ಕೊನೆಯ ಪೊರೆಗೆ ಮುಂಚೆ ಬೆನ್ನಿನ ಮೇಲಿನ ರೆಕ್ಕೆಮೊಗ್ಗುಗಳು ಊದಿಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ. ಅನುಭವವಿಲ್ಲದವರು ಇದನ್ನು ಕಾಯಿಲೆಯೆಂದು ಬಗೆದು, ತಿನ್ನಲಿ ಎಂಬ ಕಾತರದಿಂದ ಜಾಡಿಯೊಳಗೆ ಇನ್ನೂ ನಾಲ್ಕು ಹುಳುಗಳನ್ನು ಬಿಡುವುದುಂಟು. ಇದು ಅತ್ಯಂತ ಅಪಾಯಕರವಾದ ತಪ್ಪು. ರಾತ್ರಿಯಲ್ಲಿ ಚಿರ್‌ಗುಡುವ ಚಿಮ್ಮಂಡೆಯಂತಹ ಹಲ್ಲುಬಲವುಳ್ಳ ಕೀಟವು, ಮೃದುವಾದ ಮೈಯಿಂದ ತೂಗಾಡುತ್ತಿರುವ ಸೂರ್ಯನ ಕುದುರೆಯನ್ನು ಕಚ್ಚಿ ತಿನ್ನಬಲ್ಲದು. ಬೇಟೆಯೇ ಬೇಟೆಗಾರನನ್ನು ತಿಂದುಬಿಡುತ್ತದೆ. ಆದ್ದರಿಂದ ಉಪವಾಸ ಆರಂಭವಾದೊಡನೆ ಜಾಡಿಯೊಳಗಿರುವ ಜೀವಂತ ಹುಳುಗಳೆಲ್ಲವನ್ನೂ ತೆಗೆದುಬಿಡಬೇಕು.

ಪೊರೆ ಬಿಡುವ ಮರಿ ಜಾಡಿಯ ಮೇಲ್ಭಾಗಕ್ಕೆ ಏರಿ, ನಡುಗಾಲು ಹಿಂಗಾಲುಗಳ ಉಗುರುಗಳನ್ನು ಭದ್ರವಾಗಿ ಸಿಕ್ಕಿಸಿಕೊಂಡು ಕೆಳಮುಖವಾಗಿ ತೂಗುತ್ತದೆ. ಮೈಯನ್ನು ಒಮ್ಮೆ ಬಲವಾಗಿ ಅದುರಿಸುತ್ತದೆ, ಮತ್ತೆ ಸುಮ್ಮನಾಗುತ್ತದೆ. ಗಾಳಿಯನ್ನು ನುಂಗಿ ಮೈಯನ್ನು ಉಬ್ಬಿಸಿಕೊಳ್ಳುತ್ತದೆ. ಆಗ ಎದೆಯ ಬೆನ್ನಭಾಗದ ನಡುಗೆರೆಯಲ್ಲಿ ಹಳೆಯ ಕವಚ ಸೀಳುತ್ತದೆ. ಆ ಸೀಳಿನಿಂದ ಮೊದಲು ಎದೆ, ಬಳಿಕ ತಲೆ ಹೊರಗಿಳಿಯುತ್ತವೆ. ತಲೆಯೊಂದಿಗೆ ಕೂದಲೆಳೆಯಂತಹ ಮೀಸೆಗಳೂ ತಮ್ಮ ತಮ್ಮ ಕೊಳವೆಗಳಿಂದ ಬಿಡಿಸಿಕೊಳ್ಳುತ್ತವೆ. ಕಣ್ಣಿನ ಮೇಲಿನ ಪೊರೆಯೂ ಕಳಚುತ್ತದೆ. ಖಾಲಿ ಪೊರೆಯಲ್ಲಿ ಎರಡು ಪಾರದರ್ಶಕ ಬಟ್ಟಲುಗಳಂತೆ ಅವು ಉಳಿದಿರುತ್ತವೆ. ಮುಂಗಾಲುಗಳು ಕತ್ತಿಯನ್ನು ಒರೆಯಿಂದ ಹಿರಿಯುವಂತೆ ಹೊರಬರುತ್ತವೆ. ಗರಗಸದಂತಹ ಮುಳ್ಳುಗಳಿದ್ದರೂ ಆ ಸಡಿಲ ಒರೆ ಎಲ್ಲಿಯೂ ಹರಿಯುವುದಿಲ್ಲ. ಹೊಸ ಮುಳ್ಳುಗಳು ಆ ಹೊತ್ತಿನಲ್ಲಿ ಮುಳ್ಳುಗಳಾಗಿರದೆ ಮೆತ್ತನೆಯ ತುದಿಗಳಾಗಿರುವುದೇ ಇದಕ್ಕೆ ಕಾರಣ. ಮೈಯೊಳಗಿನ ಶ್ವಾಸನಾಳಗಳ ಒಳಪದರವೂ ಬಿಳಿಯ ನೂಲುಗಳಂತೆ ಹೊರಕ್ಕೆಳೆಯಲ್ಪಡುತ್ತದೆ.

ಈಗ ಕಾಲುಗಳೆಲ್ಲ ಹೊರಬಂದಿವೆ. ಹಾಗಾದರೆ ಕೀಟವನ್ನು ಹಿಡಿದಿರುವುದು ಯಾವುದು? ಹಳೆಯ ಪೊರೆಯ ಖಾಲಿ ಉಗುರುಗಳು ಮೇಲೆ ಸಿಕ್ಕಿಕೊಂಡಿವೆ. ಆ ಪೊರೆಯೊಳಗೆ ಹೊಟ್ಟೆಯ ತುದಿ ಮಾತ್ರ ಉಳಿದಿದೆ. ಅಷ್ಟರ ಆಧಾರದಿಂದಲೇ ಇಡೀ ದೇಹ ಗಾಳಿಯಲ್ಲಿ ತೂಗುತ್ತಿದೆ. ಕಾಲುಗಳು ಇನ್ನೂ ಹಿಡಿಯಲಾರದಷ್ಟು ಮೃದು. ಕೆಲವು ನಿಮಿಷ ಅದು ಹಾಗೆಯೇ ವಿಶ್ರಮಿಸಿ, ಕಾಲುಗಳಿಗೆ ತುಸು ಬಲ ಬಂದೊಡನೆ ಮೈಯನ್ನು ಮೇಲಕ್ಕೆ ಬಾಗಿಸಿ, ತನ್ನದೇ ಹಳೆಯ ಪೊರೆಯನ್ನೋ ಪಕ್ಕದ ಕಡ್ಡಿಯನ್ನೋ ಹಿಡಿದು ಹೊಟ್ಟೆಯ ತುದಿಯನ್ನೂ ಸೆಳೆದುಕೊಳ್ಳುತ್ತದೆ. ಇಷ್ಟೆಲ್ಲ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಈ ಅರ್ಧ ಗಂಟೆಯಲ್ಲಿ ಖಾಲಿ ಉಗುರುಗಳ ಹಿಡಿತ ತಪ್ಪಿತೆಂದರೆ ಕೀಟ ನೆಲಕ್ಕೆ ಬೀಳುತ್ತದೆ. ಬಿದ್ದ ಭಂಗಿಯಲ್ಲೇ ಅದರ ಮೃದುವಾದ ಕಾಲುಗಳು ಬಾಗಿ ಗಡುಸಾಗುತ್ತವೆ. ಸಾಕಿದ ಸೂರ್ಯನ ಕುದುರೆಗಳು ಸಾಯುವುದು ಬಹುಮಟ್ಟಿಗೆ ಹೀಗೆಯೇ.

ಆದುದರಿಂದ ಸಾಕುವವನು ಮಾಡಬಹುದಾದ ಸಹಾಯವೆಲ್ಲ ಪೊರೆ ಸೀಳುವುದಕ್ಕೆ ಮುಂಚೆಯೇ ಮುಗಿದಿರಬೇಕು. ಜಾಡಿಯ ಎತ್ತರ ಮರಿಯ ಉದ್ದಕ್ಕೆ ಮೂರರಷ್ಟಾದರೂ ಇರಬೇಕು, ಅಗಲ ಎರಡರಷ್ಟು. ಹಳೆಯ ಪೊರೆಯಿಂದ ಕೆಳಗಿಳಿಯುವ ಹೊಸ ಮೈ ಹಿಂದಿನದಕ್ಕಿಂತ ಉದ್ದವಾಗಿರುತ್ತದೆಂಬುದನ್ನು ಮರೆತು, ಚಿಕ್ಕ ಜಾಡಿಯಲ್ಲೇ ಮರಿಯನ್ನು ಉಳಿಸಿಕೊಂಡವರು ತಲೆ ನೆಲಕ್ಕೆ ತಾಗಿ ಕುತ್ತಿಗೆ ಸೊಟ್ಟಗಾದ ಕೀಟವನ್ನು ಕಾಣಬೇಕಾಗುತ್ತದೆ. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ನುಣುಪಾದ ಮುಚ್ಚಳ ಕೂಡದು. ಜಾಡಿಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿದು ಕಟ್ಟುವುದು ಸುಲಭವೂ ಕ್ಷೇಮವೂ ಆದ ಉಪಾಯ. ಒಳಗೆ ಒರಟು ತೊಗಟೆಯ ಒಂದೆರಡು ಕಡ್ಡಿಗಳನ್ನು ಓರೆಯಾಗಿ ನಿಲ್ಲಿಸಬಹುದು. ಆದರೆ ತೂಗುವ ಜಾಗದ ಕೆಳಗೆ ಏನೂ ಅಡ್ಡವಿರಬಾರದು. ಒಂದು ಜಾಡಿಗೆ ಒಂದೇ ಮರಿ. ಒಡಹುಟ್ಟಿದವು ಎಂಬ ದಾಕ್ಷಿಣ್ಯ ಅವುಗಳಿಗಿಲ್ಲ.

ತೇವದ ವಿಷಯದಲ್ಲಿ ರೇಷ್ಮೆಹುಳುವಿನ ನಿಯಮ ಇಲ್ಲಿ ತಲೆಕೆಳಗಾಗುತ್ತದೆ. ಗಾಳಿ ತೀರ ಒಣಗಿದ್ದರೆ ಹೈರೊಡ್ಯೂಲದ ಹಳೆಯ ಪೊರೆ ಬಿರುಸಾಗಿ ಕಾಲಿಗೆ ಅಂಟಿಕೊಂಡುಬಿಡುತ್ತದೆ. ಉಪವಾಸದ ದಿನಗಳಲ್ಲಿ ಜಾಡಿಯ ಗೋಡೆಗೆ ನೀರನ್ನು ಮಂಜಿನಂತೆ ಚಿಮುಕಿಸುತ್ತಿರಬೇಕು. ಹಾಗೆಂದು ಜಾಡಿಯನ್ನು ಗಾಳಿಯಾಡದಂತೆ ಮುಚ್ಚಿ ಸದಾ ತೊಯ್ದಿರುವಂತೆ ಮಾಡಿದರೆ ಬೂಸಲು ಹಿಡಿಯುತ್ತದೆ. ಇನ್ನು ಗಾಂಗೈಲಸ್ ಬಿಸಿಲಿನ ಒಣನಾಡಿನ ಕೀಟ; ಅದಕ್ಕೆ ಬೆಚ್ಚನೆಯ ಒಣ ಗಾಳಿಯೇ ಹಿತ. ಸಾಕುವ ಕೀಟ ಎಂತಹ ಗಿಡದಲ್ಲಿ, ಎಂತಹ ಹವೆಯಲ್ಲಿ ಬದುಕುತ್ತಿತ್ತೆಂಬುದನ್ನು ಅರಿಯದೆ ಒಂದರ ಉಪಚಾರವನ್ನು ಇನ್ನೊಂದಕ್ಕೆ ಮಾಡಹೋಗುವುದು ಸರಿಯಲ್ಲ.

ಪೊರೆ ಸೀಳಿದ ಮೇಲೆ ಜಾಡಿಯನ್ನು ಅಲುಗಿಸಬಾರದು, ಎತ್ತಿ ನೋಡಬಾರದು, ಮರಿಯ ಮೇಲೆ ನೀರೆರಚಬಾರದು. ಇದು ಹೇಳಿದಷ್ಟು ಸುಲಭವಲ್ಲ. ಮರಿ ನಡುವೆ ವಿಶ್ರಮಿಸುತ್ತಿರುವಾಗ ಸತ್ತಂತೆಯೇ ಕಾಣುತ್ತದೆ. ಕಾಲು ಸಿಕ್ಕಿಕೊಂಡಿರಬಹುದೆಂಬ ಶಂಕೆ ನೋಡುವವರನ್ನು ಕಾಡುತ್ತದೆ. ಕನಿಕರದಿಂದ ಕೈ ಚಾಚಿ ಪೊರೆಯನ್ನು ಎಳೆದವರು ಅನೇಕರು. ಆದರೆ ಹೊಸ ಕಾಲು ಆಗ ನೆನೆದ ಶಾವಿಗೆಯಷ್ಟು ಮೆತ್ತಗಿರುತ್ತದೆ. ಬೆರಳಿನ ಒತ್ತಡಕ್ಕೆ ಅದು ಬಾಗುತ್ತದೆ ಅಥವಾ ಹರಿಯುತ್ತದೆ. ತಾನಾಗಿ ಬಿಡಿಸಿಕೊಳ್ಳುತ್ತಿದ್ದ ಕೀಟ ಸಹಾಯದಿಂದಲೇ ಊನಗೊಳ್ಳುತ್ತದೆ.

ಕೈ ಹಾಕಲೇಬೇಕಾದ ಸಂದರ್ಭ ಒಂದೇ. ಮರಿ ಅರ್ಧ ಕಳಚಿದ ಪೊರೆಯೊಡನೆ ಕೆಳಗೆ ಬಿದ್ದಿದ್ದು, ಅದು ಆಗಲೇ ಕಣ್ಣಿಗೆ ಬಿದ್ದರೆ ಸುಮ್ಮನಿರುವುದು ಅದನ್ನು ಕೊಂದಂತೆ. ಆಗ ಚಿಮಟದಿಂದ ಹಳೆಯ ಪೊರೆಯನ್ನು ಮಾತ್ರ ಹಿಡಿದು ಮೆಲ್ಲನೆ ಎತ್ತಬೇಕು. ಮೈಯನ್ನು ಮುಟ್ಟಬಾರದು. ಆ ಪೊರೆಯನ್ನು ದಾರದಿಂದಲೋ ಸಣ್ಣ ಕ್ಲಿಪ್ಪಿನಿಂದಲೋ ಕಡ್ಡಿಗೆ ಸಿಕ್ಕಿಸಿ, ಮರಿ ತಲೆಕೆಳಗಾಗಿ ಸ್ವತಂತ್ರವಾಗಿ ತೂಗುವಂತೆ ಮಾಡಬೇಕು. ಉಳಿದ ಕೆಲಸವನ್ನು ಭೂಮಿಯ ಸೆಳೆತವೂ ಮರಿಯೂ ಮಾಡಿಕೊಳ್ಳುತ್ತವೆ. ಎಲ್ಲವೂ ಬದುಕುವುದಿಲ್ಲ, ಕೆಲವು ಬದುಕುತ್ತವೆ. ಪೂರ್ತಿ ಹೊರಬಂದ ಬಳಿಕ ಬಿದ್ದ ಮರಿಯಾದರೆ ಅದರ ಮುಂದೆ ಒಂದು ಒರಟು ಕಡ್ಡಿಯನ್ನು ಹಿಡಿದರೆ ಸಾಕು, ತಾನೇ ಏರುತ್ತದೆ. ಪಾದದ ತುದಿಯಲ್ಲಿ ಪೊರೆಯ ಚೂರು ಉಳಿದಿದ್ದರೆ ನೆನೆಸಿದ ಬಣ್ಣದ ಕುಂಚದಿಂದ ಆ ಚೂರನ್ನು ತೇವಗೊಳಿಸಬಹುದು; ಆಗಲೂ ಬಿಡದಿದ್ದರೆ ಅದನ್ನು ಹಾಗೆಯೇ ಬಿಡುವುದು ಲೇಸು. ನಡುಗಾಲಾಗಲಿ ಹಿಂಗಾಲಾಗಲಿ ಮುರಿದುಹೋದರೆ ಮುಂದಿನ ಪೊರೆಗಳಲ್ಲಿ ಅದು ತುಸು ಚಿಕ್ಕದಾಗಿ ಮತ್ತೆ ಬೆಳೆಯುತ್ತದೆ. ಪ್ರಿಬ್ರಾಮನನ್ನು ಈ ಕೀಟದತ್ತ ಸೆಳೆದ ಸಂಗತಿಗಳಲ್ಲಿ ಇದೂ ಒಂದು.

ಕೊನೆಯ ಪೊರೆಯ ಬಳಿಕ ಇಂತಹ ಅವಕಾಶವಿಲ್ಲ. ಅಂದು ಹೊರಬಂದ ಕೀಟ ಕೆಲವು ಹೊತ್ತಿನ ನಂತರ ತಿರುಗಿ ತಲೆ ಮೇಲಾಗಿ ತೂಗಿಕೊಳ್ಳುತ್ತದೆ. ಬೆನ್ನಿನ ಮೇಲೆ ಮುದುಡಿದ ಒದ್ದೆ ಕಾಗದದಂತಿರುವ ರೆಕ್ಕೆಗಳಿಗೆ ರಕ್ತ ನುಗ್ಗುತ್ತದೆ. ಕೀಟದ ರಕ್ತ ಕೆಂಪಲ್ಲವಾದ್ದರಿಂದ ಕಾಣುವುದು ಬಣ್ಣವಲ್ಲ, ಬಿಚ್ಚಿಕೊಳ್ಳುವ ನಿರಿಗೆಗಳು ಮಾತ್ರ. ರೆಕ್ಕೆ ಬೆಳೆಯುವುದನ್ನು ದಿಟ್ಟಿಸಿ ನೋಡುತ್ತಿರುವವರಿಗೆ ಚಲನೆ ತಿಳಿಯುವುದಿಲ್ಲ. ಕ್ಷಣ ಬೇರೆಡೆ ನೋಡಿ ತಿರುಗಿದರೆ ಅದು ಇಳಿದು ಬಂದಿರುವುದು ತಿಳಿಯುತ್ತದೆ. ಪೂರ್ಣವಾಗಿ ಹರಡಿದ ರೆಕ್ಕೆ ಒಣಗುವವರೆಗೂ ಯಾವುದೂ ಅದಕ್ಕೆ ತಾಗಬಾರದು. ಸುಕ್ಕಾಗಿ ಒಣಗಿದ ರೆಕ್ಕೆ ಕೊನೆಯವರೆಗೂ ಸುಕ್ಕಾಗಿಯೇ ಇರುತ್ತದೆ.

ಪೊರೆ ಬಿಟ್ಟ ಮೇಲೆ ಎಳೆಯ ಮರಿಗೆ ಒಂದು ದಿನವಾದರೂ, ರೆಕ್ಕೆ ಬಂದ ಕೀಟಕ್ಕೆ ಮೂರು ನಾಲ್ಕು ದಿನವಾದರೂ ಆಹಾರ ಕೊಡಬಾರದು. ಮುಂಗಾಲುಗಳು ಗಡುಸಾಗದೆ ಅದು ಏನನ್ನೂ ಹಿಡಿಯಲಾರದು. ನೀರಿನ ಹನಿಗಳನ್ನು ಮಾತ್ರ ಹೀರುತ್ತದೆ. ಮೊದಲ ಊಟ ಚಿಕ್ಕದಾಗಿ, ಮೆತ್ತಗಾಗಿ ಇರಲಿ. ಒಂದು ನೊಣ ಸಾಕು. ಮುಂಗಾಲು ಸೊಟ್ಟಗಾಗಿ ಬೇಟೆಯಾಡಲಾರದ ಕೀಟಕ್ಕೆ ಕೊಂದ ಹುಳುವಿನ ತುಂಡನ್ನು ಚಿಮಟದಲ್ಲಿ ಹಿಡಿದು ಬಾಯಿಗೆ ತಾಗಿಸಿದರೆ ಅದು ಮೆಲ್ಲತೊಡಗುತ್ತದೆ. ಪ್ರತಿ ಎರಡು ಮೂರು ದಿನಗಳಿಗೊಮ್ಮೆ ಹೀಗೆ ಉಣಿಸಬಲ್ಲ ತಾಳ್ಮೆಯುಳ್ಳವರ ಮನೆಯಲ್ಲಿ ಅಂತಹ ಕೀಟಗಳೂ ತಿಂಗಳುಗಟ್ಟಲೆ ಬದುಕಿವೆ.